ಇಟ್ಟಂಗಿಗೆ ಜ್ವರ

ಮೀನು ಸಾಕುವುದು ಒಂದು ಕಾಲಕ್ಕೆ ಉಳ್ಳವರ ಶೋಕಿಯಾಗಿತ್ತು. ಗಾಜಿನ ತೊಟ್ಟಿ, ಬಣ್ಣಬಣ್ಣದ ಹರಳು, ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ದವಡೆ ಹಿಡಿದುಕೊಂಡು ಕೂತವರಿಗೆ ನೋಡಲು ಏನಾದರೊಂದು. ಬೆಟಗೇರಿಯ ನೇಕಾರ ಓಣಿಯ ತಗಡಿನ ಮನೆಗಳಿಗೆ ಮೀನಿನ ತೊಟ್ಟಿ ಬಂದದ್ದು ಅಂಥ ಶೋಕಿಯಿಂದಲ್ಲ. ಅಲ್ಲಿ ಅದು ಔಷಧಿಯಾಗಿ ಬಂತು.

ಯಾವ ಮಾತ್ರೆಗೂ ಬಗ್ಗದ ಒಂದು ಬಗೆಯ ಮೂರ್ಛೆರೋಗ ಮಕ್ಕಳಲ್ಲಿ ಹೆಚ್ಚುತ್ತಿದ್ದ ವರ್ಷಗಳವು. ಹೆಬ್ಬೆರಳಿನಷ್ಟು ಉದ್ದದ, ನೋಡಲು ಏನೇನೂ ಚೆಂದವಿಲ್ಲದ ಬೂದು ಮೀನೊಂದರ ವಂಶವಾಹಿಗೆ ವಿಜ್ಞಾನಿಗಳು ಒಂದು ತುಣುಕು ಸೇರಿಸಿದರು. ಅದರ ಮೈಯ ಲೋಳೆಯಿಂದ ನೀರಿಗಿಳಿಯುವ ಪ್ರೊಟೀನು ಮಿದುಳಿನ ನರಗಳ ಹುಚ್ಚಾಟವನ್ನು ತಣಿಸುತ್ತಿತ್ತು. ಬಾಟಲಿಯಲ್ಲಿ ತುಂಬಿಟ್ಟರೆ ಮಾತ್ರ ಸ್ವಲ್ಪ ಹೊತ್ತಿಗೇ ಕೆಟ್ಟುಹೋಗುತ್ತಿತ್ತು. ಹಾಗಾಗಿ ಮೀನೇ ರೋಗಿಯ ಮನೆಗೆ ಬರಬೇಕಾಯಿತು. ತೊಟ್ಟಿಯ ಪಕ್ಕದ ಸೋಸುನಳದಿಂದ ದಿನಕ್ಕೆ ಒಂದು ಲೋಟ ನೀರು ಸಿಗುತ್ತಿತ್ತು. ಅದು ಒಂದು ಮಗುವಿಗೆ ಸರಿಯಾಗಿ ಸಾಕಾಗುವಷ್ಟು, ಒಂದು ಗುಟುಕೂ ಹೆಚ್ಚಿಲ್ಲ. ಮೀನು ಮನೆಯಲ್ಲಿ ಮರಿ ಹಾಕದಂತೆ ಅದನ್ನು ಕೊಡುತ್ತಿದ್ದ ಕಂಪನಿ ಮೊದಲೇ ವ್ಯವಸ್ಥೆ ಮಾಡಿತ್ತು. ಮೀನು ಕಂಪನಿಯದು, ರೋಗ ಮಾತ್ರ ನಮ್ಮದು.

ಆ ಮೀನಿಗೆ ತಣ್ಣನೆಯ ನೀರು ಬೇಕು, ಹಗಲಿಡೀ ಬೆಳಕು ಬೇಕು, ನೀರಿನೊಳಗೆ ಗಾಳಿಯಾಡಬೇಕು. ತಂಪು ಮಾಡುವ ಯಂತ್ರ, ದೀಪ, ಗಾಳಿಪಂಪು, ಈ ಮೂರಕ್ಕೂ ಕರೆಂಟು ಹೋಗುವುದು ನೆಲದ ಮೇಲೆ ಬಿದ್ದಿರುವ ಒಂದೇ ಒಂದು ಕಪ್ಪು ಅಡಾಪ್ಟರಿನಿಂದ. ಅದಕ್ಕೆ ಓಣಿಯವರು ಇಟ್ಟ ಹೆಸರು ಇಟ್ಟಂಗಿ. ಭಟ್ಟಿಯಿಂದ ಈಗಷ್ಟೇ ತೆಗೆದ ಇಟ್ಟಂಗಿಯ ಹಾಗೆ ಅದು ಸುಡುತ್ತಲೂ ಇತ್ತು. ಒಳಗಿನ ಶಾಖ ಮಿತಿ ಮೀರಿದರೆ ಬೆಂಕಿ ಹತ್ತದಿರಲೆಂದು ಅದು ತಾನಾಗಿಯೇ ಎಲ್ಲವನ್ನೂ ನಿಲ್ಲಿಸಿಬಿಡುತ್ತಿತ್ತು, ಆರಿದ ಮೇಲೆ ಮತ್ತೆ ಶುರುಮಾಡುತ್ತಿತ್ತು. ಬೇಗ ಆರಿದರೆ ಮೀನು ಬದುಕಿತು. ಆರದಿದ್ದರೆ ಗಾಳಿಯಿಲ್ಲದೆ ಒದ್ದಾಡಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ನೀಲಾಂಬಿಕಾಳ ಮನೆಯ ತೊಟ್ಟಿ ಬಂದದ್ದು ಮಲ್ಲಿಗಾಗಿ. ಮಲ್ಲಿ ಅವಳ ಅಕ್ಕ ಕಸ್ತೂರಿಯ ಮಗಳು, ಎರಡನೆಯ ಇಯತ್ತೆಯ ವಯಸ್ಸು. ಮೀನು ಬರುವ ಮೊದಲು ಆ ಹುಡುಗಿಗೆ ದಿನಕ್ಕೆ ಎಷ್ಟು ಸಲ ಫಿಟ್ಸ್ ಬರುತ್ತದೆಂದು ಎಣಿಸುವುದನ್ನೇ ಮನೆಯವರು ಬಿಟ್ಟಿದ್ದರು. ಶಾಲೆಯವರು ಕೈಮುಗಿದು ಮನೆಗೆ ಕಳಿಸಿದ್ದರು. ಗಟಾರದಲ್ಲಿ ಬಿದ್ದಾಳು, ಗಾಡಿಗೆ ಸಿಕ್ಕಾಳು ಎಂದು ಹೆದರಿ ಕಸ್ತೂರಿ ಮಗಳನ್ನು ಹೊಸ್ತಿಲು ದಾಟಲು ಬಿಡದೆ ಮಗ್ಗದ ಪಕ್ಕ ಚಾಪೆಯ ಮೇಲೆ ಕೂರಿಸಿಕೊಂಡಿರುತ್ತಿದ್ದಳು. ಮೀನುನೀರು ಕುಡಿಯತೊಡಗಿದ ಮೇಲೆ ಅದೇ ಮಲ್ಲಿ ಶಾಲೆಗೆ ಹೋದಳು, ಓಣಿಯಲ್ಲಿ ಒಂಟಿಗಾಲಲ್ಲಿ ಜಿಗಿಯುತ್ತ ಕುಂಟಲಪಿ ಆಡಿದಳು, ಜಗಳ ತೆಗೆದು ಪಕ್ಕದ ಮನೆ ಹುಡುಗರನ್ನು ಹೊಡೆದು ಬಂದಳು. ಆ ದೂರು ಕೇಳಿದ ದಿನ ಕಸ್ತೂರಿ ಒಳಗೆ ಹೋಗಿ ಖುಷಿಯಿಂದ ಅತ್ತಳು.

ನೀಲಾ ಎಲೆಕ್ಟ್ರಿಕಲ್ ಓದಿದವಳು. ಕಂಪನಿಯ ಗದಗಿನ ನಿಗಾಕೋಣೆಯಲ್ಲಿ ಅವಳಿಗೆ ನೌಕರಿ. ಸುತ್ತಲಿನ ಊರುಗಳ ಎಲ್ಲ ಅಡಾಪ್ಟರುಗಳ ಶಾಖ ಅಲ್ಲಿಯ ಪರದೆಗಳ ಮೇಲೆ ಗೆರೆಗೆರೆಯಾಗಿ ಹರಿಯುತ್ತಿತ್ತು. ಕೋಣೆಯಲ್ಲಿ ಏಸಿ ಎಷ್ಟು ಜೋರೆಂದರೆ ಮಾರ್ಚಿನಲ್ಲೂ ಅವಳು ಸ್ವೆಟರ್ ಹಾಕಿಕೊಳ್ಳಬೇಕಿತ್ತು.

ಆ ವರ್ಷ ಬಿಸಿಲು ಏರತೊಡಗಿದಂತೆ ಬೆಟಗೇರಿಯ ಗೆರೆಗಳು ವಿಚಿತ್ರವಾದವು. ಬೇರೆ ಕಡೆ ಅಡಾಪ್ಟರು ನಿಂತ ಕೂಡಲೇ ಗೆರೆ ಸರ್ರನೆ ಇಳಿಯುತ್ತಿತ್ತು. ಇಲ್ಲಿ ಮಾತ್ರ ಊಟ ಮಾಡಿ ಅಡ್ಡಾದವರ ಹಾಗೆ ಸೋಮಾರಿಯಾಗಿ ಮಲಗಿಬಿಡುತ್ತಿತ್ತು. ಮೀನು ಸಾಯುತ್ತಿದ್ದವು. ಸರಕೇ ಕಳಪೆ ಇರಬೇಕೆಂದು ಮ್ಯಾನೇಜರ್ ವಿದ್ಯಾಧರ ಕಾಮತರು ತಯಾರಕರಿಗೆ ಬರೆದೂ ಬರೆದೂ ಸುಸ್ತಾದರು.

ಒಂದು ಸಂಜೆ ನೀಲಾ ಮನೆಗೆ ಬಂದಾಗ ಇಟ್ಟಂಗಿ ಕಾಣಲಿಲ್ಲ. ಅದರ ಜಾಗದಲ್ಲಿ ಪುಟ್ಟದೊಂದು ಕೌದಿ ಇತ್ತು. ಹಳೆಯ ಸೀರೆಯ ತುಂಡುಗಳನ್ನು ಪದರಪದರವಾಗಿ ಸೇರಿಸಿ, ಹತ್ತಿರ ಹತ್ತಿರ ಹೊಲಿಗೆ ಹಾಕಿ, ಹಸುಗೂಸಿಗೆ ಹೊಲಿಯುವಂತೆ ಹೊಲಿದದ್ದು. ಹೊಲಿದವಳು ಅವಳ ಅವ್ವ ನಿಂಗವ್ವ.

"ಇದೇನವ್ವಾ ಇದು?"

"ಇಟ್ಟಂಗಿಗೆ ಜ್ವರ ಬಂದೈತಿ. ಕೈ ಇಟ್ಟ ನೋಡು, ಹೆಂಗ ಸುಡಾಕತ್ತೈತಿ. ಹೊದಿಸಿದ್ರ ಬೆವರಿ ಇಳೀತೈತಿ."

"ಯಾವಾಗಿಂದ ಹೊದಿಸಾಕತ್ತೀದಿ?"

"ಶಿವರಾತ್ರಿ ಆದಾಗಿಂದ. ಮೊದಲು ನಾ ಹೊಲಿದೆ. ಈಗ ಓಣ್ಯಾಗ ಎಲ್ಲಾರೂ ಹೊಲದಾರ. ಪಾಪ, ಹಗಲೂ ರಾತ್ರಿ ದುಡೀತೈತಿ, ನಮ್ಮ ಕೂಸಿನ ಜೀವಾ ಉಳಿಸೇತಿ. ಅದಕ್ಕ ಜ್ವರ ಬಂದ್ರ ಸುಮ್ಮ ನೋಡಕೊಂತ ಕುಂದ್ರಬೇಕೇನು?"

ನೀಲಾಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಜ್ವರ ಬಂದವರಿಗೆ ಕೌದಿ ಹೊದಿಸಿ ಬೆವರಿಳಿಸುವುದು ಆ ಸೀಮೆಯ ಮನೆಮನೆಯ ವೈದ್ಯ. ಅವಳನ್ನೂ ಅವ್ವ ಹಾಗೆಯೇ ಬೆಳೆಸಿದ್ದಳು. ಇಡೀ ಓಣಿ ಸೇರಿಕೊಂಡು ಕಕ್ಕುಲಾತಿಯಿಂದ ಮೀನುಗಳನ್ನು ಕೊಲ್ಲುತ್ತಿತ್ತು. ಕಂಪನಿಯ ದೊಡ್ಡ ತಲೆಗಳಿಗೆ ಇದು ಹೊಳೆಯುವುದಾದರೂ ಹೇಗೆ? ಕೌದಿ ಹೊದ್ದು ಮಲಗಿದವರು ಅಲ್ಲಿ ಯಾರೂ ಇರಲಿಲ್ಲ.

"ಅವ್ವಾ, ಕೌದಿ ಹೊದ್ರ ನಮಗ ಬೆವರು ಬರ್ತೈತಿ. ಬೆವರು ಆರಿದಂಗ ಮೈ ತಣ್ಣಗಾಗ್ತೈತಿ. ಈ ಡಬ್ಬಿಗೆ ಬೆವರೆಲ್ಲಿಂದ ಬರಬೇಕು? ಇದಕ್ಕ ಗಾಳಿ ಒಂದ ದಾರಿ. ಸುತ್ತಮುತ್ತ ಗಾಳಿ ಆಡಿದ್ರ ಇದರ ಬಿಸಿ ಹೊರಗ ಹೋಗ್ತೈತಿ. ನೀ ಅದನ್ನ ಮುಚ್ಚಿಬಿಟ್ಟೀದಿ."

ನಿಂಗವ್ವ ಕೌದಿ ಎತ್ತಿ, ಅದರೊಳಗೆ ಕೈಯಾಡಿಸಿ ನೋಡಿದಳು. ಬಟ್ಟೆ ಒಳಗಿನಿಂದ ಕಮರಿತ್ತು.

"ಹಂಗಂದ್ರ ಇಷ್ಟ ದಿನ ನಾ ಇದರ ಮೂಗು ಮುಚ್ಚಿ ಹಿಡದಿದ್ನೇನು?"

"ಹೂಂ ನೋಡವ್ವಾ."

ಮುದುಕಿಯ ಮುಖ ಸಣ್ಣದಾಯಿತು. ಆದರೆ ಅವಳು ಕೂತು ಕೊರಗುವ ಪೈಕಿ ಅಲ್ಲ. ಮರುದಿನ ಬೆಳಿಗ್ಗೆಯೇ ಮನೆಮನೆಗೆ ಹೋಗಿ, ತಾನೇ ಕಲಿಸಿದ್ದನ್ನು ತಾನೇ ಬಿಡಿಸಿದಳು. ಕೌದಿಗಳು ಹೋದವು. ಇಟ್ಟಂಗಿಯನ್ನು ಗೋಡೆಯಿಂದ ದೂರ ಸರಿಸಿ, ಎರಡು ಹೆಂಚಿನ ಚೂರಿನ ಮೇಲೆ ಎತ್ತಿ ಇಟ್ಟರು. ಸಂದುಗಳ ದೂಳು ಊದಿದರು. ಸಿಂಬೆ ಸುತ್ತಿಟ್ಟಿದ್ದ ವಯರನ್ನು ಬಿಡಿಸಿ ಉದ್ದಕ್ಕೆ ಹರಡಿದರು. ಪರದೆಯ ಮೇಲೆ ಬೆಟಗೇರಿಯ ಗೆರೆಗಳು ಸೋಮಾರಿತನ ಬಿಟ್ಟು ಸರ್ರನೆ ಇಳಿಯತೊಡಗಿದವು.

ನೀಲಾ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಕೌದಿ ಹೊದಿಸುವವರು ಬೆಟಗೇರಿಯಲ್ಲಿ ಮಾತ್ರ ಇದ್ದಾರೆಯೇ? ಅವಳು ಒಂದು ಪ್ರೋಗ್ರಾಮು ಬರೆದಳು. ನಿಂತ ಅಡಾಪ್ಟರು ಆರುವ ಗೆರೆ ನೋಡಿಯೇ ಅದಕ್ಕೆ ಹೊದಿಕೆ ಇದೆಯೋ ಇಲ್ಲವೋ ಎಂದು ಅದು ಹೇಳುತ್ತಿತ್ತು. ಇದೆ ಅನಿಸಿದ ಮನೆಯ ಫೋನಿಗೆ ಒಂದು ಧ್ವನಿ ಹೋಗುತ್ತಿತ್ತು: "ನಿಮ್ಮ ಇಟ್ಟಂಗಿಗೆ ಉಸಿರು ಕಟ್ಟೈತಿ, ಹೊದ್ದಿಕಿ ತಗೀರಿ." ಆ ಧ್ವನಿ ನಿಂಗವ್ವನದೇ. ಮೀನು ಸಾಯುವುದು ಎಷ್ಟು ಕಡಿಮೆಯಾಯಿತೆಂದರೆ ಕಂಪನಿ ಹಿಗ್ಗಿ ನೀಲಾಳಿಗೆ ಸನ್ಮಾನ ಮಾಡಿತು. ಸನ್ಮಾನವೆಂದರೆ ನಮ್ಮಲ್ಲಿ ಏನು ಗೊತ್ತಲ್ಲ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದಿಸಿದರು. ಕಾಮತರು ಭಾಷಣದಲ್ಲಿ ಅವಳ ಪ್ರೋಗ್ರಾಮನ್ನು ಬಾಯ್ತುಂಬ ಹೊಗಳಿದರು.

ಮೇ ತಿಂಗಳು ಬಂತು. ಬಿಸಿಲು ಹಿಂದೆ ಯಾರೂ ಕಾಣದಷ್ಟು ಏರಿತು. ನಡುಮಧ್ಯಾಹ್ನ ತಗಡಿನ ಮನೆಗಳೊಳಗೆ ಕಾಲಿಟ್ಟರೆ ರೊಟ್ಟಿಯ ಹೆಂಚಿನ ಮುಂದೆ ನಿಂತ ಹಾಗಾಗುತ್ತಿತ್ತು. ಬೇಸಿಗೆಯಲ್ಲಿ ಅಂಥ ಓಣಿಗಳಿಗೆ ಏಸಿ ನಡೆಯುವಷ್ಟು ಕರೆಂಟು ಕೊಡುವ ಪದ್ಧತಿ ಇರಲಿಲ್ಲ. ಕೌದಿಯಿಲ್ಲದಿದ್ದರೂ ಇಟ್ಟಂಗಿಗಳು ಕಾದು ನಿಲ್ಲತೊಡಗಿದವು, ನಿಂತದ್ದು ಬೇಗ ಆರುತ್ತಿರಲಿಲ್ಲ.

ಆದರೂ ಓಣಿಯಲ್ಲಿ ಮೀನು ಸಾಯಲಿಲ್ಲ. ಇಟ್ಟಂಗಿ ನಿಂತ ಕೂಡಲೇ ಮಗ್ಗಗಳೂ ನಿಲ್ಲುತ್ತಿದ್ದವು. ಹೆಂಗಸರು ತೊಟ್ಟಿಯ ಸುತ್ತ ಒದ್ದೆ ಪಂಜೆ ಸುತ್ತಿ, ತಂಬಿಗೆಯಲ್ಲಿ ಅದೇ ನೀರನ್ನು ಮೊಗೆದು ಎತ್ತರದಿಂದ ಮತ್ತೆ ಅದಕ್ಕೇ ಸುರಿಯುತ್ತಿದ್ದರು. ಬೀಳುವ ನೀರು ತನ್ನ ಜೊತೆ ಗಾಳಿಯನ್ನು ಒಳಗೆ ಒಯ್ಯುತ್ತದೆ, ಪಂಪು ಮಾಡುವುದೂ ಅದನ್ನೇ. ಕಸ್ತೂರಿ ಸುರಿಯುತ್ತಿದ್ದರೆ ನಿಂಗವ್ವ ಇಟ್ಟಂಗಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಗೋಡೆಯಾಚೆ ಸಾವಂತ್ರವ್ವನ ಮನೆಯಲ್ಲೂ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅವಳ ಮಗ ಈರಣ್ಣನಿಗೂ ಮಲ್ಲಿಯದೇ ರೋಗ. ಮಲ್ಲಿಯಿಂದ ಹೊಡೆತ ತಿಂದವರಲ್ಲಿ ಅವನೂ ಒಬ್ಬ.

"ಕಸ್ತೂರೀ, ನಿಮ್ಮದು ಹೊಳ್ಳಿ ಚಾಲೂ ಆತೇನವಾ?" ಎಂದು ಸಾವಂತ್ರವ್ವ ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು.

"ಇನ್ನೂ ಇಲ್ಲ ಬಿಡಕ್ಕಾ. ರಟ್ಟಿ ಬಿದ್ದ ಹೋದ್ವು."

"ಬಿಡಬ್ಯಾಡ, ಸುರೀತಿರು. ನಂದು ಚಾಲೂ ಆದ್ರ ನಾನ ಬರ್ತೀನಿ ನಿನ್ನ ಕೈ ಬದಲಿಗೆ."

ಅವಳು ಬರುತ್ತಿದ್ದಳು ಕೂಡ. ಕಸ್ತೂರಿಯ ಕೈಯಿಂದ ತಂಬಿಗೆ ಇಸಿದುಕೊಂಡು ಮಲ್ಲಿಯ ಮೀನಿಗೆ ನೀರು ಸುರಿಯುತ್ತ ನಿಲ್ಲುತ್ತಿದ್ದಳು.

ಒಂದು ಬೆಳಿಗ್ಗೆ ಕಾಮತರು ನೀಲಾಳನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಪರದೆಯ ಮೇಲೆ ಅವಳದೇ ಪ್ರೋಗ್ರಾಮು ಕೆಂಪಗೆ ಮಿನುಗುತ್ತಿತ್ತು.

"ಬೆಟಗೇರಿಯಲ್ಲಿ ಮತ್ತೆ ಹೊದಿಸೋಕೆ ಶುರುಮಾಡಿದ್ದಾರಲ್ರೀ ನೀಲಾಂಬಿಕಾ. ಎಷ್ಟು ಹೇಳಿದರೂ ಬುದ್ಧಿ ಬರೋದಿಲ್ವಾ ಈ ಜನಕ್ಕೆ?"

ನೀಲಾ ಗೆರೆಗಳನ್ನು ನೋಡಿದಳು. ನೋಡಿದ ಕೂಡಲೇ ಅರ್ಥವಾಯಿತು.

"ಇದು ಕೌದಿ ಅಲ್ಲ ಸರ್, ತಗಡು. ಕೋಣೇನೇ ಕಾದು ಕೆಂಡ ಆಗಿದ್ದರೆ ಅಡಾಪ್ಟರ್ ತನ್ನ ಬಿಸೀನ ಎಲ್ಲಿ ಬಿಡಬೇಕು? ಹೊದಿಕೆ ಇದ್ದಾಗ ಬರೋ ಗೆರೇನೇ ಇದಕ್ಕೂ ಬರ್ತದೆ. ಅದೆರಡರ ಫರಕು ನನ್ನ ಪ್ರೋಗ್ರಾಮಿಗೆ ಗೊತ್ತಾಗೋದಿಲ್ಲ. ಅದು ನನ್ನ ತಪ್ಪು, ಅವರದಲ್ಲ."

"ಸರಿ, ತಗಡೇ ಅಂತ ಇಟ್ಕೊಳ್ಳಿ. ಮೀನಿಗೆ ಏನು ವ್ಯತ್ಯಾಸ?"

"ಆ ಓಣಿಗಳಲ್ಲಿ ಈ ತಿಂಗಳು ಒಂದು ಮೀನೂ ಸತ್ತಿಲ್ಲ ಸರ್. ಹೆಂಗಸರು ಕೈಯಿಂದ ನೀರು ಸುರಿದು ಉಳಿಸ್ತಿದ್ದಾರೆ."

"ಕೈಗಳನ್ನ ನಂಬಿ ಔಷಧಿ ವ್ಯವಸ್ಥೆ ನಡೆಸೋಕಾಗುತ್ತಾ? ನಾಳೆ ಯಾರೋ ಮದುವೆಗೆ ಹೋದರು, ಮುಗೀತು."

"ಹಾಗಾದರೆ ಅಡಾಪ್ಟರ್ ಬದಲಾಯಿಸಿ ಸರ್. ಕಾದಾಗ ಎಲ್ಲಾನೂ ಒಮ್ಮೆಲೇ ಯಾಕೆ ನಿಲ್ಲಿಸಬೇಕು? ಮೊದಲು ದೀಪ ಆರಲಿ, ಆಮೇಲೆ ತಂಪಿನ ಯಂತ್ರ ನಿಲ್ಲಲಿ. ಗಾಳಿಪಂಪು ತಿನ್ನೋದು ಚೂರು ಕರೆಂಟು, ಅದು ನಡೀತಾನೇ ಇರಲಿ. ಅರ್ಧ ದಿನದ ಕೆಲಸ, ನಾನೇ ಬರೆದು ಕೊಡ್ತೀನಿ."

ಕಾಮತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನೀಲಾಳಿಗೆ ಬೈಯಲಾದರೂ ಸುಲಭವಾಗುತ್ತಿತ್ತು.

"ಅಡಾಪ್ಟರಿನ ಪ್ರೋಗ್ರಾಮು ಔಷಧಿಯ ಪರವಾನಗಿ ಒಳಗೆ ಬರುತ್ತೆ. ಅದರಲ್ಲಿ ಒಂದು ಸಾಲು ಮುಟ್ಟಿದರೂ ಮತ್ತೆ ಮೊದಲಿಂದ ಪರೀಕ್ಷೆ, ವರ್ಷಗಟ್ಟಲೆ. ನಿಮ್ಮ ಹೊದಿಕೆ ಪ್ರೋಗ್ರಾಮು ನಮ್ಮ ಕೋಣೆಯೊಳಗಿಂದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮೇಲಿನವರು ಅದನ್ನೇ ಬಳಸಿ ಅಂದಿದ್ದಾರೆ. ಮನೆಯವರು ಸಹಿ ಹಾಕಿದ ಕರಾರಿನಲ್ಲಿ ಅಜಾಗರೂಕತೆ ಅಂತ ಒಂದು ಮಾತಿದೆ. ಗೆರೆ ಕೆಂಪಾದ ಮನೆಗಳಿಂದ ಮೀನು ವಾಪಸ್ ತರೋದು, ಏಸಿ ಇರೋ ಮನೆಗಳಿಗೆ ಕೊಡೋದು."

"ಸರ್, ಅವು ಮಕ್ಕಳು."

"ಅಲ್ಲೂ ಮಕ್ಕಳೇ ಇರೋದು ನೀಲಾಂಬಿಕಾ. ಮೀನಿಗಾಗಿ ಕಾಯ್ತಾ ಇರೋ ಮಕ್ಕಳು. ಅಲ್ಲಿ ಮೀನು ಮೂರು ವರ್ಷ ಬದುಕುತ್ತೆ."

ಏಸಿ ಇರುವ ಮನೆಯ ಮಗುವೂ ನೆಲಕ್ಕೆ ಬಿದ್ದು ಒದ್ದಾಡುತ್ತದೆ, ಅದಕ್ಕೇನು ಹೇಳುವುದು? ಅಷ್ಟರಲ್ಲಿ ಕಾಮತರು ದನಿ ತಗ್ಗಿಸಿ ಹೇಳಿದರು: "ನಿಮ್ಮ ಮನೆ ನಂಬರ್ ಆ ಪಟ್ಟಿಯಿಂದ ಬಿಡಿಸಿದ್ದೀನಿ. ಸಿಬ್ಬಂದಿ ಮನೆ ಅಂತ. ನನ್ನ ಕೈಲಾಗೋದು ಇಷ್ಟೇ. ಇದನ್ನ ಎಲ್ಲೂ ಹೇಳಬೇಡಿ."

ಎದ್ದು ನಿಂತು ನಾಲ್ಕು ಮಾತು ಆಡಬೇಕೆಂದು ಅವಳು ಆಗಲೇ ಗಟ್ಟಿಮಾಡಿಕೊಂಡಿದ್ದಳು. ರಾಜೀನಾಮೆಯ ಮಾತೂ ನಾಲಿಗೆಯ ತುದಿಗೆ ಬಂದಿತ್ತು. ಮಲ್ಲಿಯ ಮುಖ ಕಣ್ಣೆದುರು ಬಂತು. "ಥ್ಯಾಂಕ್ಸ್ ಸರ್" ಅಂದಳು. ಹೊರಗೆ ಬಂದ ಮೇಲೆ ಆ ಎರಡು ಶಬ್ದಕ್ಕಾಗಿ ಅವಳಿಗೆ ತನ್ನ ಮೇಲೆ ಹುಟ್ಟಿದ ಹೇಸಿಗೆ ಮತ್ತೆಂದೂ ಹೋಗಲಿಲ್ಲ.

ವಾರದೊಳಗೆ ತಂಪುಪೆಟ್ಟಿಗೆಯ ವ್ಯಾನು ಓಣಿಗೆ ಬಂತು. ಸಮವಸ್ತ್ರದ ಹುಡುಗರು ಮರ್ಯಾದೆಯಿಂದಲೇ ಚಪ್ಪಲಿ ಬಿಟ್ಟು ಒಳಗೆ ಹೋದರು, ಮರ್ಯಾದೆಯಿಂದಲೇ ಮೀನುಗಳನ್ನು ಚೀಲಕ್ಕೆ ಹಾಕಿಕೊಂಡರು. ಸಾವಂತ್ರವ್ವ ತನ್ನ ಇಟ್ಟಂಗಿಯನ್ನು ಎತ್ತಿ ತೋರಿಸಿ, "ನೋಡ್ರೀ, ಏನೂ ಹೊದಿಸಿಲ್ಲರೀ, ಬರೇ ಮೈಲೆ ಐತ್ರೀ, ಬೇಕಾದ್ರ ಮನಿ ಎಲ್ಲಾ ಹುಡುಕ್ರೀ" ಎಂದು ವ್ಯಾನಿನ ತನಕ ಓಡಿದಳು. ವ್ಯಾನು ನೀಲಾಳ ಬಾಗಿಲ ಮುಂದೆ ನಿಲ್ಲದೆ ಹೋಯಿತು. ಓಣಿ ಅದನ್ನು ನೋಡಿತು.

ಮರುದಿನ ಬೆಳಿಗ್ಗೆ ಸಾವಂತ್ರವ್ವ ಖಾಲಿ ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಕಸ್ತೂರಿ ಮಲ್ಲಿಯ ಲೋಟದ ಅರ್ಧವನ್ನು ಅದಕ್ಕೆ ಬಗ್ಗಿಸಿದಳು. ಅದರ ಮರುದಿನವೂ ಹಾಗೆಯೇ ಆಯಿತು, ಆಮೇಲೂ. ನೀಲಾ ನೋಡುತ್ತಿದ್ದಳು. ಅರ್ಧ ಲೋಟದಿಂದ ಅರ್ಧ ಗುಣ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಪ್ರಮಾಣಕ್ಕಿಂತ ಕಡಿಮೆಯಾದರೆ ಆ ಔಷಧಿ ಬರೀ ನೀರು. ಒಂದು ಸಂಜೆ ಊಟಕ್ಕೆ ಕೂತಾಗ ಮಲ್ಲಿಯ ಬಾಯಿಯ ಒಂದು ತುದಿ ಅದುರಿತು. ಕೈಯಲ್ಲಿದ್ದ ರೊಟ್ಟಿ ಬಿತ್ತು.

"ಅಕ್ಕಾ, ಹಿಂಗ ಹಂಚಿದ್ರ ಎರಡೂ ಕೂಸಿಗೆ ಏನೂ ಉಪಯೋಗಿಲ್ಲ" ಅಂದಳು ನೀಲಾ. "ಇಬ್ಬರೂ ಬೀಳ್ತಾರ."

"ನನಗ ಗೊತ್ತಿಲ್ಲೇನು? ಆಕಿ ಲೋಟ ಹಿಡಕೊಂಡು ನಿಂತಾಗ ಇಲ್ಲ ಅಂತ ಹೆಂಗ ಅನ್ನಲೆ? ನನ್ನ ಮೀನಿಗೆ ನೀರು ಹಾಕಿದಾಕಿ ಆಕಿ. ನಿನಗ ಆಗ್ತೈತಿ ಅಂದ್ರ ನೀನ ಹೇಳು."

ನೀಲಾ ಮರುದಿನ ಬಾಗಿಲಿಗೆ ಹೋದಳು. ಔಷಧಿಯ ಪ್ರಮಾಣದ ಲೆಕ್ಕ ಹೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದಳು. ಆ ಲೋಟ ನೋಡಿದ ಮೇಲೆ ಬಾಯಿಂದ ಬಂದದ್ದು ಬೇರೆಯೇ.

"ನಮ್ಮ ಮೀನೂ ಸತ್ತು ಹೋತರೀ ಅಕ್ಕಾ. ನಿನ್ನೆ ಮಧ್ಯಾಹ್ನ."

ಸಾವಂತ್ರವ್ವನ ಕೈಯ ಲೋಟ ಕೆಳಗೆ ಬಿತ್ತು. "ಅಯ್ಯ ಶಿವನ! ಮಲ್ಲಿ ಗತಿ ಏನ ಇನ್ನ!" ಎಂದು ನೀಲಾಳನ್ನು ತಬ್ಬಿಕೊಂಡು ಅತ್ತಳು. ತನ್ನ ಮಗನ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ.

ಸುಳ್ಳು ಹೇಳುವುದು ಸುಲಭ, ಅದರ ಜೊತೆ ಸಂಸಾರ ಮಾಡುವುದು ಕಷ್ಟ. ತೊಟ್ಟಿ ಹಿಂದಿನ ಕೋಣೆಗೆ ಹೋಯಿತು. ಪಂಪಿನ ಗುಂಯ್ ಸದ್ದು ಕೇಳಬಾರದೆಂದು ಯಾರಾದರೂ ಬಂದರೆ ಕಸ್ತೂರಿ ಮಗ್ಗ ಬಡಿಯುತ್ತಿದ್ದಳು. ಮಧ್ಯಾಹ್ನ ಇಟ್ಟಂಗಿ ನಿಂತಾಗ ನೀರನ್ನು ಎತ್ತರದಿಂದ ಸುರಿಯುವಂತಿರಲಿಲ್ಲ. ಗೋಡೆಯಾಚೆ ಕೇಳಿಸದಂತೆ ಗಾಜಿನ ಅಂಚಿಗೆ ತಾಗಿಸಿ ಮೆಲ್ಲಗೆ ಬಿಡುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಮಲ್ಲಿ ಚೆನ್ನಾಗಿದ್ದಳು. ಪೂರ್ತಿ ಲೋಟ ಮತ್ತೆ ಸಿಗತೊಡಗಿ ಅವಳು ಮೊದಲಿನ ಹಾಗಾಗಿದ್ದಳು. ಮೀನು ಸತ್ತ ಮನೆಯ ಮಗು ಓಣಿಯಲ್ಲಿ ಕುಣಿಯುವುದು ಹೇಗೆ? ಶಾಲೆ ಶುರುವಾದಾಗ ಅವಳನ್ನು ಕಳಿಸಲಿಲ್ಲ. ಕುಂಟಲಪಿ ಆಡಲು ಬಿಡಲಿಲ್ಲ. ಮಗ್ಗದ ಪಕ್ಕ ಚಾಪೆ ಹಾಸಿದರು.

"ಚಿಗವ್ವಾ, ನನಗ ಆರಾಮ ಐತಲಾ, ಮತ್ಯಾಕ ಹೊರಗ ಹೋಗಬಾರ್ದು?" ಎಂದು ಅವಳು ನೀಲಾಳನ್ನು ಕೇಳಿದಳು. ನೀಲಾ ಎದ್ದು ಹೋಗಿ ಬಾಗಿಲು ಎಳೆದಳು.

ಒಂದು ದಿನ ನಿಂಗವ್ವ ಸಂತೆಗೆ ಹೋಗುವಾಗ ಬಾಗಿಲು ಎಳೆದುಕೊಳ್ಳಲು ಮರೆತಳು. ರಜೆಯಿದ್ದ ನೀಲಾ ಒಳಗಿದ್ದಳು. ಮಲ್ಲಿ ಕದ್ದು ಹೊಸ್ತಿಲ ಮೇಲೆ ನಿಂತು ಎರಡು ಸಲ ಜಿಗಿದಿದ್ದಳಷ್ಟೆ, ಎದುರಿಗೆ ಸಾವಂತ್ರವ್ವ ಕಂಡಳು. ಹುಡುಗಿ ನೀಲಾಳ ಕಡೆ ನೋಡಿದಳು. ನೀಲಾಳ ಮುಖದಲ್ಲಿ ಏನು ಕಂಡಳೋ, ಅಲ್ಲೇ ನೆಲಕ್ಕೆ ಬಿದ್ದು ಕೈಕಾಲು ಸೆಟೆದು ಒದೆಯತೊಡಗಿದಳು. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಾವಂತ್ರವ್ವ ಚೀರಿ ತನ್ನ ಮನೆಯೊಳಗೆ ಓಡಿದಳು, ಅಷ್ಟೇ ವೇಗದಲ್ಲಿ ಹಿಂದಿರುಗಿದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ಅಲ್ಲಿಯ ಜನ ನಂಬುತ್ತಾರೆ. ಅವಳು ಒಂದು ಬೀಗದ ಕೈ ತಂದು ಮಲ್ಲಿಯ ಮುಷ್ಟಿಯೊಳಗೆ ತುರುಕಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ಬಾಯಿ ಒರೆಸಿದಳು.

"ಹೆದರಬ್ಯಾಡ ನೀಲಾ, ನಿಲ್ತೈತಿ, ಈಗ ನಿಲ್ತೈತಿ."

ನೀಲಾ ಬೀಗದ ಕೈಯನ್ನು ನೋಡಿದಳು. ಅದು ಬೆವರಿನಿಂದ ಒದ್ದೆಯಾಗಿತ್ತು.

"ನಮ್ಮ ಈರಣ್ಣನ ಕೈಯಾಗಿಂದ ಬಿಡಿಸಿಕೊಂಡು ಬಂದೆ" ಅಂದಳು ಸಾವಂತ್ರವ್ವ. "ಅವಗ ಮುಂಜಾನಿಂದ ನಿಂತಿಲ್ಲ. ಇರ್ಲಿ, ಈ ಕೂಸಾದ್ರೂ ಉಳೀಲಿ."